ಸ್ವಂತ ಕ್ಲೌಡ್ ಸರ್ವರ್‌ನಲ್ಲಿ ಫೈಲ್ ತೆರೆಯುತ್ತಿಲ್ಲವೇ? ಸೆಟ್ಟಿಂಗ್ ಬದಲಿಸುವ ಮುನ್ನ ಈ ಮೂರು ದಾರಿ ನೋಡಿ

ಪಟಾನ್‌ಚೆರು (ಹೈದರಾಬಾದ್): ತಿಂಗಳ 20ನೇ ತಾರೀಖು, ಸಂಜೆ ಐದೂವರೆ. ಜಿಎಸ್‌ಟಿಆರ್-3ಬಿ ಸಲ್ಲಿಸಲು ಅಂದೇ ಕಡೆಯ ದಿನ. ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರು ಕಚೇರಿಯ ಸ್ವಂತ ಕ್ಲೌಡ್‌ಗೆ ಲಾಗಿನ್ ಆಗುತ್ತಾರೆ. ಫೋಲ್ಡರ್ ಕಾಣುತ್ತದೆ, ಖರೀದಿ ಲೆಕ್ಕದ ಫೈಲ್ ಕೂಡ ಕಾಣುತ್ತದೆ. ಕ್ಲಿಕ್ ಮಾಡಿದರೆ ಮಾತ್ರ ಬಿಳಿ ಪರದೆ, ತಿರುಗುವ ಚಕ್ರ, ಸ್ವಲ್ಪ ಹೊತ್ತಿನ ಬಳಿಕ ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಇಂಗ್ಲಿಷ್ ಸಂದೇಶ.

ಸರ್ವರ್ ಚಾಲೂ ಇದೆ. ಇಂಟರ್ನೆಟ್ ಇದೆ. ನಿನ್ನೆಯವರೆಗೆ ಇದೇ ಫೈಲ್ ಸಲೀಸಾಗಿ ತೆರೆಯುತ್ತಿತ್ತು. ಹಾಗಿದ್ದರೆ ಕೆಟ್ಟಿದ್ದು ಏನು?

ಸನ್ನಿವೇಶ ಊಹೆಯದ್ದೇ ಆದರೂ, ಸ್ವಂತ ಕ್ಲೌಡ್ ನಡೆಸುವವರಿಗೆ ಈ ಬಿಳಿ ಪರದೆ ಚೆನ್ನಾಗಿ ಪರಿಚಿತ. ಇಕ್ರಿಸ್ಯಾಟ್‌ ಪ್ರಧಾನ ಕಚೇರಿ ಇರುವ, ಔಷಧ ಮತ್ತು ಎಂಜಿನಿಯರಿಂಗ್ ಘಟಕಗಳು ತುಂಬಿರುವ ಪಟಾನ್‌ಚೆರು, ರಾಷ್ಟ್ರೀಯ ಹೆದ್ದಾರಿ 65ರಲ್ಲಿದೆ. ಜಹೀರಾಬಾದ್, ಹುಮನಾಬಾದ್ ಕಡೆಯಿಂದ ಹೈದರಾಬಾದ್‌ಗೆ ಬರುವ ಕನ್ನಡಿಗರು ದಾಟಿ ಬರುವ ಊರು ಇದೇ. ಇಂಥ ಊರಿನ ಸಣ್ಣ ಘಟಕದಲ್ಲಿ ಪ್ರತ್ಯೇಕ ಐಟಿ ವಿಭಾಗ ಇರುವುದಿಲ್ಲ. ಕಂಪ್ಯೂಟರ್ ಸ್ವಲ್ಪ ಗೊತ್ತಿರುವ ಒಬ್ಬರೇ ಪ್ರಿಂಟರ್‌ನಿಂದ ಸರ್ವರ್‌ವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಫೈಲ್ ತೆರೆಯದಿದ್ದಾಗ ಎಲ್ಲರೂ ಅವರ ಮೇಜಿನ ಮುಂದೆ ನಿಲ್ಲುತ್ತಾರೆ. ಆ ಒತ್ತಡದಲ್ಲಿ ಅವರು ಮಾಡುವ ಮೊದಲ ಕೆಲಸವೇ ಕೆಲವೊಮ್ಮೆ ದೊಡ್ಡ ನಷ್ಟ ತರುತ್ತದೆ. ಅದು ಯಾವುದು, ಅದನ್ನು ತಪ್ಪಿಸಿ ದೋಷ ಹುಡುಕುವುದು ಹೇಗೆ ಎಂಬ ವಿವರ ಇಲ್ಲಿದೆ.

ಸ್ವಂತ ಸರ್ವರ್ ಏಕೆ?

ಸ್ವಂತ ಕ್ಲೌಡ್ ಎಂದರೆ ಗೂಗಲ್ ಡ್ರೈವ್, ಮೈಕ್ರೋಸಾಫ್ಟ್ 365 ಮಾಡುವ ಕೆಲಸವನ್ನು ತಮ್ಮದೇ ಕಂಪ್ಯೂಟರ್‌ನಲ್ಲೋ, ಬಾಡಿಗೆಗೆ ಪಡೆದ ಸರ್ವರ್‌ನಲ್ಲೋ ನಡೆಸುವುದು. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ನೆಕ್ಸ್ಟ್‌ಕ್ಲೌಡ್ ಒಂದು. 2010ರಲ್ಲಿ ಓನ್‌ಕ್ಲೌಡ್ ಆರಂಭಿಸಿದ್ದ ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್, 2016ರಲ್ಲಿ ಅದರಿಂದ ಹೊರಬಂದು ಕಟ್ಟಿದ್ದು ಇದು. ಉಚಿತವಾಗಿ ಸಿಗುತ್ತದೆ, ಮೂಲ ಸಂಕೇತ ಮುಕ್ತವಾಗಿದೆ.

ಉಚಿತ ಎಂಬುದೊಂದೇ ಕಾರಣವಲ್ಲ. 2025ರ ಜುಲೈನಲ್ಲಿ ನಡೆದ ನಯಾರಾ ಎನರ್ಜಿ ಪ್ರಕರಣ ಹಲವರ ಕಣ್ಣು ತೆರೆಸಿತು. ಯುರೋಪಿಯನ್ ಒಕ್ಕೂಟದ ನಿರ್ಬಂಧದ ಬೆನ್ನಲ್ಲೇ ಮೈಕ್ರೋಸಾಫ್ಟ್ ತನ್ನ ಸೇವೆ ನಿಲ್ಲಿಸಿದಾಗ, ಗುಜರಾತ್‌ನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ಹೊಂದಿರುವ ಆ ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಕೆಲವೇ ದಿನಗಳಲ್ಲಿ ಸೇವೆ ಮರಳಿತು ನಿಜ. ಆದರೆ ಅಷ್ಟು ದೊಡ್ಡ ಕಂಪನಿಗೇ ಹೀಗಾಯಿತಲ್ಲ ಎಂಬ ಮಾತು ಸಣ್ಣ ಉದ್ಯಮಗಳಲ್ಲೂ ಕೇಳಿಬಂತು. ಇನ್ನೊಂದು ಕಡೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ದತ್ತಾಂಶ ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಫೈಲ್ ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಈಗ ಮಾಲೀಕರೂ ಕೇಳುವ ಪ್ರಶ್ನೆ.

ಸ್ವಂತ ಸರ್ವರ್ ಇಟ್ಟುಕೊಂಡರೆ ಕೆಟ್ಟಾಗ ರಿಪೇರಿ ಕೂಡ ತಮ್ಮದೇ.

ಒಂದಲ್ಲ, ಎರಡು ಸರ್ವರ್

ಗೊಂದಲ ಶುರುವಾಗುವುದು ಇಲ್ಲಿ. ನೆಕ್ಸ್ಟ್‌ಕ್ಲೌಡ್‌ಗೆ ಫೈಲ್ ಇಡುವುದು, ಹಂಚುವುದು ಗೊತ್ತು. ವರ್ಡ್ ಅಥವಾ ಎಕ್ಸೆಲ್ ಮಾದರಿಯ ಫೈಲನ್ನು ಬ್ರೌಸರ್‌ನಲ್ಲಿ ತೆರೆದು ತಿದ್ದುವ ಕೆಲಸ ಬೇರೆ ತಂತ್ರಾಂಶದ್ದು. ಸಾಮಾನ್ಯವಾಗಿ ಅದು ಕೊಲಾಬೊರಾ ಆನ್‌ಲೈನ್ ಅಥವಾ ಓನ್ಲಿಆಫೀಸ್ ಆಗಿರುತ್ತದೆ. ಲಿಬ್ರೆಆಫೀಸ್ ತಂತ್ರಜ್ಞಾನದ ಮೇಲೆ ನಿಂತಿರುವುದು ಕೊಲಾಬೊರಾ. ನೆಕ್ಸ್ಟ್‌ಕ್ಲೌಡ್ ಒಳಗೆ ‘ನೆಕ್ಸ್ಟ್‌ಕ್ಲೌಡ್ ಆಫೀಸ್’ ಎಂಬ ಹೆಸರಲ್ಲಿ ಕಾಣುವುದೂ ಇದೇ. ಓನ್ಲಿಆಫೀಸ್ ಬೇರೆಯದೇ ಎಡಿಟರ್, ಮೈಕ್ರೋಸಾಫ್ಟ್ ಮಾದರಿಯ ಫೈಲ್‌ಗಳಿಗೆ ಹೆಚ್ಚು ಹತ್ತಿರ ಎಂಬ ಹೆಸರು ಅದಕ್ಕಿದೆ.

ಯಾವುದನ್ನು ಬಳಸಿದರೂ ಫೈಲ್ ಇರುವ ಸರ್ವರ್ ಒಂದು, ತಿದ್ದುವ ಸರ್ವರ್ ಇನ್ನೊಂದು. ಎರಡೂ ಒಂದೇ ಡಬ್ಬಿಯಲ್ಲಿದ್ದರೂ ಒಂದಕ್ಕೊಂದು ನೆಟ್‌ವರ್ಕ್ ಮೂಲಕವೇ ಮಾತಾಡುತ್ತವೆ. ಬಳಕೆದಾರರ ಬ್ರೌಸರ್ ಸೇರಿದರೆ ಒಟ್ಟು ಮೂವರು.

ಈ ಮೂವರ ನಡುವೆ ಮೂರು ದಾರಿಗಳಿವೆ. ಬ್ರೌಸರ್‌ನಿಂದ ಎಡಿಟರ್ ಸರ್ವರ್‌ಗೆ ಹೋಗುವುದು ಮೊದಲನೆಯದು. ನೆಕ್ಸ್ಟ್‌ಕ್ಲೌಡ್‌ನಿಂದ ಎಡಿಟರ್‌ಗೆ ಹೋಗುವುದು ಎರಡನೆಯದು. ಎಡಿಟರ್‌ನಿಂದ ನೆಕ್ಸ್ಟ್‌ಕ್ಲೌಡ್‌ಗೆ ಮರಳುವುದು ಮೂರನೆಯದು. ಫೈಲನ್ನು ತರುವುದು, ತಿದ್ದಿದ ಮೇಲೆ ಅದು ಮರಳಿ ಸೇರುವುದು ಈ ಮೂರನೇ ದಾರಿಯನ್ನೇ ನೆಚ್ಚಿಕೊಂಡಿದೆ. ಮೂರರಲ್ಲಿ ಯಾವುದು ಕಡಿದರೂ ಪರದೆ ಮೇಲೆ ಬರುವ ಸಂದೇಶ ಬಹುಪಾಲು ಒಂದೇ ರೀತಿ ಇರುತ್ತದೆ. ಅದನ್ನು ನೋಡಿ ಯಾವ ದಾರಿ ಕಡಿದಿದೆ ಎಂದು ಹೇಳಲು ಬರುವುದಿಲ್ಲ.

ಸರ್ವರ್ ನೋಡಿಕೊಳ್ಳುವವರು ಎಡಿಟರ್ ವಿಳಾಸವನ್ನು ತಮ್ಮ ಲ್ಯಾಪ್‌ಟಾಪ್ ಬ್ರೌಸರ್‌ನಲ್ಲಿ ಹೊಡೆದು, ಪುಟ ಬಂತು ಎಂದು ನೋಡಿ, ‘ಸರ್ವರ್ ಸರಿ ಇದೆ’ ಎಂದುಬಿಡುತ್ತಾರೆ. ಅವರು ಪರೀಕ್ಷಿಸಿದ್ದು ಮೊದಲ ದಾರಿಯನ್ನು ಮಾತ್ರ. ಉಳಿದೆರಡನ್ನು ಯಾರೂ ನೋಡಿಯೇ ಇಲ್ಲ.

ಮೊದಲು ಮಾಡಬಾರದ ಕೆಲಸ

ಎಡಿಟರ್ ಸರ್ವರ್‌ಗಳು ಹೆಚ್ಚಾಗಿ ಡಾಕರ್ ಕಂಟೇನರ್ ರೂಪದಲ್ಲಿ ಓಡುತ್ತವೆ. ತೊಂದರೆ ಬಂದ ಕೂಡಲೇ ಹಳೆಯ ಕಂಟೇನರ್ ಅಳಿಸಿ ಹೊಸದು ಹಾಕುವುದು ಹಲವರ ರೂಢಿ. ಐದು ನಿಮಿಷದ ಕೆಲಸ, ಕೆಲವೊಮ್ಮೆ ಸರಿಯೂ ಹೋಗುತ್ತದೆ. ಅಪಾಯ ಇರುವುದು ಇದರಲ್ಲೇ.

ಓನ್ಲಿಆಫೀಸ್ ಕೆಲಸ ಮಾಡುವ ಕ್ರಮ ನೋಡಿದರೆ ಇದು ಅರ್ಥವಾಗುತ್ತದೆ. ಫೈಲ್ ತೆರೆದಾಗ ಅದರ ಪ್ರತಿಯನ್ನು ಎಡಿಟರ್ ತನ್ನಲ್ಲಿಗೆ ತಂದುಕೊಳ್ಳುತ್ತದೆ. ತಿದ್ದುಪಡಿಗಳೆಲ್ಲ ಅಲ್ಲೇ ಸೇರುತ್ತವೆ. ಕೊನೆಯ ವ್ಯಕ್ತಿ ಫೈಲ್ ಮುಚ್ಚಿ ಸುಮಾರು 10 ಸೆಕೆಂಡ್ ಆದ ಮೇಲೆ, ‘ತಿದ್ದಿದ ಪ್ರತಿ ಸಿದ್ಧವಿದೆ, ತೆಗೆದುಕೋ’ ಎಂದು ಎಡಿಟರ್ ನೆಕ್ಸ್ಟ್‌ಕ್ಲೌಡ್‌ಗೆ ತಿಳಿಸುತ್ತದೆ. ಮೂರನೇ ದಾರಿ ಕಡಿದಿದ್ದರೆ ಆ ಸುದ್ದಿ ತಲುಪುವುದೇ ಇಲ್ಲ. ಬೆಳಗ್ಗೆಯಿಂದ ಫೈಲ್ ತೆರೆದೇ ಇಟ್ಟುಕೊಂಡು ಕೆಲಸ ಮಾಡಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ. ಮರುದಿನ ತೆರೆದರೆ ಹಳೆಯ ಅಂಕಿಗಳು!

ಹೀಗೆ ಮರಳಿಸಲಾಗದ ಪ್ರತಿಗಳನ್ನು ಓನ್ಲಿಆಫೀಸ್ ತಕ್ಷಣ ಎಸೆಯುವುದಿಲ್ಲ. ತನ್ನ ಕ್ಯಾಶ್ ಫೋಲ್ಡರ್‌ನೊಳಗೆ ‘ಫರ್ಗಾಟನ್’, ಅಂದರೆ ಮರೆತುಹೋದವು, ಎಂಬ ಹೆಸರಿನ ಜಾಗದಲ್ಲಿ ಇಡುತ್ತದೆ. ದಿನದ ದುಡಿಮೆಯ ಏಕೈಕ ಪ್ರತಿ ಅಲ್ಲಿರಬಹುದು. ಕಂಟೇನರನ್ನು ಅದರ ಸಂಗ್ರಹದ ಸಮೇತ ಅಳಿಸಿದರೆ ಅದೂ ಹೋಗುತ್ತದೆ. ಆದ್ದರಿಂದ ಏನೇ ಪ್ರಯೋಗ ಮಾಡುವ ಮೊದಲು ಆ ಫೋಲ್ಡರ್ ತೆರೆದು ನೋಡಿ, ಸಿಕ್ಕಿದ್ದನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳುವುದು ಒಳಿತು. ಕಂಟೇನರ್ ರೀಸ್ಟಾರ್ಟ್ ಮಾಡುವುದೇ ಬೇರೆ, ಅಳಿಸಿ ಹೊಸದು ಹಾಕುವುದೇ ಬೇರೆ.

ಕೊಲಾಬೊರಾ ಇಲ್ಲಿ ಸ್ವಲ್ಪ ಮೇಲು. ಮೂಲ ಸೆಟ್ಟಿಂಗ್‌ನಲ್ಲಿ, ಟೈಪ್ ಮಾಡುವುದನ್ನು ನಿಲ್ಲಿಸಿ 30 ಸೆಕೆಂಡ್ ಆದರೆ ಅದು ಫೈಲ್ ಉಳಿಸಲು ಯತ್ನಿಸುತ್ತದೆ. ನಿಲ್ಲಿಸದೆ ಕೆಲಸ ಮಾಡುತ್ತಿದ್ದರೂ 300 ಸೆಕೆಂಡ್‌ಗೊಮ್ಮೆ ಉಳಿಸುತ್ತದೆ. ಹಾಗಾಗಿ ದಾರಿ ಕಡಿದದ್ದು ಬೇಗ ಗೊತ್ತಾಗುತ್ತದೆ.

ಈಗಾಗಲೇ ಫೈಲ್ ತೆರೆದು ಕುಳಿತವರಿಗೆ ಹೇಳಬೇಕಾದದ್ದು ಇಷ್ಟೇ: ಟ್ಯಾಬ್ ಮುಚ್ಚಬೇಡಿ, ರಿಫ್ರೆಶ್ ಒತ್ತಬೇಡಿ, ಎಡಿಟರ್‌ನ ಫೈಲ್ ಮೆನುವಿನಿಂದ ಪ್ರತಿಯೊಂದನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಡೌನ್‌ಲೋಡ್ ಆಗದಿದ್ದರೆ ಎಲ್ಲವನ್ನೂ ಆಯ್ದು ಕಾಪಿ ಮಾಡಿ, ಕಂಪ್ಯೂಟರ್‌ನ ಇನ್ನೊಂದು ಫೈಲ್‌ಗೆ ಅಂಟಿಸಿದರೂ ಆಯಿತು.

ಮೊದಲ ದಾರಿ: ಬ್ರೌಸರ್‌ನಿಂದ ಎಡಿಟರ್‌ಗೆ

ಎರಡೂ ತಂತ್ರಾಂಶಗಳಿಗೆ ನಾಡಿ ಹಿಡಿದು ನೋಡುವ ವಿಳಾಸಗಳಿವೆ. ಕೊಲಾಬೊರಾ ಸರ್ವರ್‌ನ ವಿಳಾಸದ ಕೊನೆಗೆ ಇಂಗ್ಲಿಷ್‌ನಲ್ಲಿ ‘ಹೋಸ್ಟಿಂಗ್’, ಓರೆಗೆರೆ, ‘ಡಿಸ್ಕವರಿ’ ಎಂದು ಸೇರಿಸಿ ತೆರೆದರೆ ಎಕ್ಸ್‌ಎಂಎಲ್ ರೂಪದ ಉದ್ದನೆಯ ಪಟ್ಟಿ ಬರಬೇಕು. ಓನ್ಲಿಆಫೀಸ್‌ನಲ್ಲಿ ‘ಹೆಲ್ತ್‌ಚೆಕ್’ ಎಂದು ಸೇರಿಸಿದರೆ ‘ಟ್ರೂ’ ಎಂಬ ಒಂದೇ ಪದ ಬರುತ್ತದೆ. ಬದಲಿಗೆ 502 ಸಂಖ್ಯೆಯ ಎರರ್ ಬಂದರೆ ಮುಂದಿರುವ ವೆಬ್ ಸರ್ವರ್ ಎದ್ದಿದೆ, ಹಿಂದಿರುವ ಎಡಿಟರ್ ಎದ್ದಿಲ್ಲ ಎಂದರ್ಥ. ಕರೆಂಟ್ ಹೋಗಿ ಬಂದ ಮೇಲೆ ಇದು ಸಾಮಾನ್ಯ. ತಾನಾಗಿ ಮರುಚಾಲನೆ ಆಗುವಂತೆ ಕಂಟೇನರ್‌ಗೆ ಹೇಳಿರದಿದ್ದರೆ ನೆಕ್ಸ್ಟ್‌ಕ್ಲೌಡ್ ಏಳುತ್ತದೆ, ಎಡಿಟರ್ ಮಲಗಿಯೇ ಇರುತ್ತದೆ. ಡಿಸ್ಕ್ ಭರ್ತಿಯಾಗಿದ್ದರೂ ಇದೇ ಗತಿ. ಹಾಗಾಗಿ ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ ಎಂಬುದನ್ನು ಮೊದಲೇ ನೋಡಿಬಿಡುವುದು ಜಾಣತನ.

ಪಟ್ಟಿ ಬಂತು, ಆದರೂ ಫೈಲ್ ತೆರೆಯುತ್ತಿಲ್ಲ ಎಂದಾದರೆ ವೆಬ್‌ಸಾಕೆಟ್ ಕಡೆ ನೋಡಬೇಕು. ಸಾಮಾನ್ಯ ವೆಬ್ ಪುಟ ಒಮ್ಮೆ ಬಂದರೆ ಮುಗಿಯಿತು. ಇಬ್ಬರು ಒಟ್ಟಿಗೆ ಒಂದೇ ಫೈಲ್ ತಿದ್ದಲು ಬ್ರೌಸರ್ ಮತ್ತು ಸರ್ವರ್ ನಡುವೆ ಸದಾ ತೆರೆದಿರುವ ಕೊಳವೆ ಬೇಕು. 2011ರಲ್ಲಿ ಮಾನಕವಾದ ವೆಬ್‌ಸಾಕೆಟ್ ಆ ಕೊಳವೆ. ನಡುವೆ ಎನ್‌ಜಿನ್‌ಎಕ್ಸ್ ಅಥವಾ ಅಪಾಚೆಯನ್ನು ರಿವರ್ಸ್ ಪ್ರಾಕ್ಸಿಯಾಗಿ ನಿಲ್ಲಿಸಿದ್ದರೆ, ಕೊಳವೆಯನ್ನು ದಾಟಿಸಬೇಕು ಎಂದು ಅದಕ್ಕೆ ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ಎನ್‌ಜಿನ್‌ಎಕ್ಸ್‌ನಲ್ಲಿ ‘ಅಪ್‌ಗ್ರೇಡ್’ ಮತ್ತು ‘ಕನೆಕ್ಷನ್’ ಎಂಬ ಎರಡು ಹೆಡರ್ ಸಾಲುಗಳು, ಅಪಾಚೆಯಲ್ಲಿ ‘ಪ್ರಾಕ್ಸಿ ಡಬ್ಲ್ಯೂಎಸ್‌ಟನೆಲ್’ ಎಂಬ ಮಾಡ್ಯೂಲ್ ಈ ಕೆಲಸಕ್ಕೆ ಬೇಕು.

ಬ್ರೌಸರ್‌ನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ ಭಾಗದಲ್ಲಿ ವೆಬ್‌ಸಾಕೆಟ್ ಸಾಲನ್ನು ನೋಡಿದರೆ ಸಂಗತಿ ತಿಳಿಯುತ್ತದೆ. ಅಲ್ಲಿ 101 ಎಂಬ ಸಂಖ್ಯೆ ಇದ್ದರೆ ಕೊಳವೆ ಸರಿಯಾಗಿದೆ. 400, 403, 404 ಇದ್ದರೆ ಪ್ರಾಕ್ಸಿ ಸೆಟ್ಟಿಂಗ್ ತಿರುವಿ ಹಾಕಬೇಕು. ಫೈಲ್ ತೆರೆದು, ಸುಮ್ಮನೆ ಬಿಟ್ಟ ಒಂದು ನಿಮಿಷಕ್ಕೆ ಸಂಪರ್ಕ ಕಡಿದು ಬೀಳುತ್ತಿದ್ದರೆ ಸಮಯಮಿತಿಯನ್ನು ಶಂಕಿಸಬಹುದು. 60 ಸೆಕೆಂಡ್ ಏನೂ ಹರಿಯದ ಸಂಪರ್ಕವನ್ನು ಕತ್ತರಿಸುವುದು ಎನ್‌ಜಿನ್‌ಎಕ್ಸ್‌ನ ಮೂಲ ನಿಯಮ.

ಕೊಲಾಬೊರಾ ಬಳಸುವವರಿಗೆ ಇನ್ನೊಂದು ಹಳೆಯ ತೊಡಕು. 2021ರ ಕೊನೆಗೆ ಬಂದ 21.11 ಆವೃತ್ತಿಯಲ್ಲಿ ವಿಳಾಸದೊಳಗಿನ ‘ಲೂಲ್’ ಎಂಬ ಭಾಗ ‘ಕೂಲ್’ ಆಯಿತು. ಹಳೆಯ ಮಾರ್ಗದರ್ಶಿ ನೋಡಿ ಪ್ರಾಕ್ಸಿ ಬರೆದವರ ಸರ್ವರ್, ಅಪ್‌ಡೇಟ್ ಮಾಡಿದ ದಿನವೇ ನಿಂತುಹೋಗುತ್ತದೆ. ಒಂದೇ ಅಕ್ಷರದ ವ್ಯತ್ಯಾಸ, ಕಣ್ಣಿಗೆ ಬೀಳುವುದೂ ಇಲ್ಲ.

ನೆಕ್ಸ್ಟ್‌ಕ್ಲೌಡ್ ಎಚ್‌ಟಿಟಿಪಿಎಸ್‌ನಲ್ಲಿದ್ದು ಎಡಿಟರ್ ಬರೀ ಎಚ್‌ಟಿಟಿಪಿಯಲ್ಲಿದ್ದರೆ ಬ್ರೌಸರ್ ತಾನೇ ಅದನ್ನು ತಡೆಯುತ್ತದೆ. ಸುರಕ್ಷಿತ ಪುಟದೊಳಗೆ ಅಸುರಕ್ಷಿತ ಪುಟವನ್ನು ತೆರೆಯಲು ಅದು ಬಿಡುವುದಿಲ್ಲ. ಪ್ರಾಕ್ಸಿ ಮಟ್ಟದಲ್ಲೇ ಎಚ್‌ಟಿಟಿಪಿಎಸ್ ಮುಗಿಯುವ ವ್ಯವಸ್ಥೆಯಲ್ಲಿ, ಕೊಲಾಬೊರಾದ ಸ್ವಂತ ಎಸ್‌ಎಸ್‌ಎಲ್ ಆಫ್ ಮಾಡಿ ‘ಟರ್ಮಿನೇಷನ್’ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಎರಡರಲ್ಲಿ ಒಂದನ್ನು ಮರೆತರೂ ಬಿಳಿ ಪರದೆಯೇ ಗತಿ.

ಎರಡನೇ ದಾರಿ: ನೆಕ್ಸ್ಟ್‌ಕ್ಲೌಡ್‌ನಿಂದ ಎಡಿಟರ್‌ಗೆ

ನೆಕ್ಸ್ಟ್‌ಕ್ಲೌಡ್‌ನ ಆಡಳಿತ ಸೆಟ್ಟಿಂಗ್‌ನಲ್ಲಿ ಎಡಿಟರ್ ವಿಳಾಸ ಕೊಟ್ಟು ‘ಸೇವ್’ ಒತ್ತಿದಾಗ ಕೊಲಾಬೊರಾ ಸರ್ವರ್‌ಗೆ ಸಂಪರ್ಕ ಸಾಧಿಸಲಾಗಲಿಲ್ಲ ಎಂದು ಕೆಂಪು ಅಕ್ಷರ ಬಂದರೆ ದೋಷ ಈ ದಾರಿಯಲ್ಲಿದೆ. ಇದನ್ನು ಪರೀಕ್ಷಿಸಲು ಲ್ಯಾಪ್‌ಟಾಪ್ ಬ್ರೌಸರ್ ಸಾಲದು. ನೆಕ್ಸ್ಟ್‌ಕ್ಲೌಡ್ ಓಡುತ್ತಿರುವ ಯಂತ್ರದ ಒಳಗೇ, ಕಂಟೇನರ್ ಆಗಿದ್ದರೆ ಆ ಕಂಟೇನರ್ ಒಳಗೇ ಹೋಗಿ, ‘ಕರ್ಲ್’ ಎಂಬ ಉಪಕರಣದಿಂದ ಮೇಲೆ ಹೇಳಿದ ನಾಡಿ ವಿಳಾಸವನ್ನು ಕರೆಯಬೇಕು. ಲ್ಯಾಪ್‌ಟಾಪ್‌ನಲ್ಲಿ ಬಂದ ಉತ್ತರ ಅಲ್ಲಿಂದಲೂ ಬರುತ್ತದೆಯೇ ಎಂಬುದೇ ಪರೀಕ್ಷೆ.

ಬರದಿದ್ದರೆ ಏಕೆ? ‘ಲೋಕಲ್‌ಹೋಸ್ಟ್’ ಎಂದು ವಿಳಾಸ ಕೊಡುವುದು ಹೊಸಬರು ಮಾಡುವ ತಪ್ಪು. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರೇ ಹೊರತು ಇಡೀ ಯಂತ್ರವಲ್ಲ. ಕೊಲಾಬೊರಾದ 9980 ಪೋರ್ಟ್ ಫೈರ್‌ವಾಲ್‌ನಲ್ಲಿ ಮುಚ್ಚಿರಬಹುದು. ಒಳ ನೆಟ್‌ವರ್ಕ್‌ನ ಐಪಿ ವಿಳಾಸಗಳಿಗೆ ಕರೆ ಮಾಡುವುದನ್ನು ನೆಕ್ಸ್ಟ್‌ಕ್ಲೌಡ್ ಭದ್ರತೆಗಾಗಿ ತಡೆಯುವುದೂ ಉಂಟು. ಅದನ್ನು ಅನುಮತಿಸುವ ಪ್ರತ್ಯೇಕ ಸಾಲು ಅದರ ಕಾನ್ಫಿಗ್ ಫೈಲ್‌ನಲ್ಲಿದೆ.

ಓನ್ಲಿಆಫೀಸ್ ಬಳಸುವವರು ರಹಸ್ಯ ಕೀಲಿಯನ್ನೂ ನೋಡಬೇಕು. 2022ರ 7.2 ಆವೃತ್ತಿಯಿಂದ ಜೆಡಬ್ಲ್ಯೂಟಿ ಎಂಬ ಸಹಿ ವ್ಯವಸ್ಥೆ ತಾನಾಗಿಯೇ ಆನ್ ಆಗಿರುತ್ತದೆ. ಕೀಲಿ ನಿಗದಿ ಮಾಡದಿದ್ದರೆ ಸರ್ವರ್ ತಾನೇ ಒಂದನ್ನು ಹುಟ್ಟಿಸಿಕೊಳ್ಳುತ್ತದೆ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಬರೆದಿರುವ ಕೀಲಿ, ಎಡಿಟರ್‌ನ ಕೀಲಿ ಎರಡೂ ಅಕ್ಷರಶಃ ಒಂದೇ ಇರಬೇಕು. ಕಂಟೇನರ್ ಅಳಿಸಿ ಹೊಸದು ಹಾಕಿದ ಮೇಲೆ ಸೆಕ್ಯುರಿಟಿ ಟೋಕನ್ ಸರಿಯಿಲ್ಲ ಎಂಬ ಸಂದೇಶ ಬಂದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೊಸ ಕಂಟೇನರ್ ಹೊಸ ಕೀಲಿ ಮಾಡಿಕೊಂಡಿದೆ ಅಷ್ಟೆ.

ಮೂರನೇ ದಾರಿ: ಎಡಿಟರ್‌ನಿಂದ ನೆಕ್ಸ್ಟ್‌ಕ್ಲೌಡ್‌ಗೆ

ಹೆಚ್ಚು ಜನ ಎಡವುವುದು ಇಲ್ಲೇ. ಓನ್ಲಿಆಫೀಸ್ ಸೆಟ್ಟಿಂಗ್ ಉಳಿಸುವಾಗ ಪರಿವರ್ತಿಸಬೇಕಾದ ಫೈಲನ್ನು ಡೌನ್‌ಲೋಡ್ ಮಾಡಲಾಗಲಿಲ್ಲ ಎಂಬರ್ಥದ ಉದ್ದನೆಯ ಎರರ್ ಬರುತ್ತದೆ. ಓದಿದವರು ಎಡಿಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅಸಲಿಗೆ ಎಡಿಟರ್ ಎದ್ದಿದೆ, ಉತ್ತರವನ್ನೂ ಕೊಟ್ಟಿದೆ. ಫೈಲ್ ತರಲು ನೆಕ್ಸ್ಟ್‌ಕ್ಲೌಡ್ ಕಡೆ ಹೊರಟಾಗ ದಾರಿ ಸಿಕ್ಕಿಲ್ಲ.

ಪರೀಕ್ಷೆ ಹಿಂದಿನದ್ದೇ, ದಿಕ್ಕು ಮಾತ್ರ ತಿರುಗಾಮುರುಗಾ. ಎಡಿಟರ್ ಕಂಟೇನರ್ ಒಳಗಿನಿಂದ ನೆಕ್ಸ್ಟ್‌ಕ್ಲೌಡ್‌ನ ‘ಸ್ಟೇಟಸ್’ ಪುಟವನ್ನು ಕರೆಯಬೇಕು. ಕೊಲಾಬೊರಾದ ಕಂಟೇನರ್‌ನಲ್ಲಿ ಕರ್ಲ್ ಇಲ್ಲದಿದ್ದರೆ ಅದೇ ಡಾಕರ್ ನೆಟ್‌ವರ್ಕ್‌ನಲ್ಲಿ ಇನ್ನೊಂದು ತಾತ್ಕಾಲಿಕ ಕಂಟೇನರ್ ತೆರೆದು ನೋಡಬಹುದು. ಉತ್ತರದಲ್ಲಿ ‘ಇನ್‌ಸ್ಟಾಲ್ಡ್’ ಎಂಬುದರ ಮುಂದೆ ‘ಟ್ರೂ’, ‘ಮೇಂಟೆನೆನ್ಸ್’ ಎಂಬುದರ ಮುಂದೆ ‘ಫಾಲ್ಸ್’ ಇರಬೇಕು.

ಕೊಲಾಬೊರಾ ವಿಷಯದಲ್ಲಿ ಎರಡೂ ಕಡೆ ಕಾವಲುಗಾರರಿದ್ದಾರೆ. ಯಾವ ನೆಕ್ಸ್ಟ್‌ಕ್ಲೌಡ್ ವಿಳಾಸಕ್ಕೆ ಸೇವೆ ಕೊಡಬೇಕು ಎಂಬ ಪಟ್ಟಿ ಕೊಲಾಬೊರಾದಲ್ಲಿದೆ. ಅದರಲ್ಲಿ ಹೆಸರಿಲ್ಲದಿದ್ದರೆ ಲಾಗ್‌ನಲ್ಲಿ ‘ಅನಧಿಕೃತ ವೋಪಿ ಹೋಸ್ಟ್’ ಎಂಬರ್ಥದ ಸಾಲು ಕಾಣುತ್ತದೆ. ವೋಪಿ ಎಂಬುದು ಫೈಲ್ ಸರ್ವರ್ ಮತ್ತು ಎಡಿಟರ್ ಮಾತಾಡಲು ಮೈಕ್ರೋಸಾಫ್ಟ್ ರೂಪಿಸಿದ ನಿಯಮಾವಳಿ. ಇತ್ತ ನೆಕ್ಸ್ಟ್‌ಕ್ಲೌಡ್‌ನಲ್ಲೂ ಯಾವ ಐಪಿಯಿಂದ ಬರುವ ಕೊಲಾಬೊರಾವನ್ನು ಒಳಗೆ ಬಿಡಬೇಕು ಎಂಬ ಪಟ್ಟಿ ಇದೆ. ಡಾಕರ್ ರೀಸ್ಟಾರ್ಟ್ ಆದಾಗ ಕಂಟೇನರ್‌ನ ಒಳ ಐಪಿ ಬದಲಾಗಬಹುದು. ನಿನ್ನೆ 172.18.0.3 ಎಂದಿದ್ದದ್ದು ಇವತ್ತು 172.18.0.5 ಆದರೆ, ಪಟ್ಟಿಯಲ್ಲಿ ಹಳೆಯ ಅಂಕಿ ಇರುವ ನೆಕ್ಸ್ಟ್‌ಕ್ಲೌಡ್ ಬಾಗಿಲು ತೆರೆಯುವುದಿಲ್ಲ. ಯಾರೂ ಏನನ್ನೂ ಮುಟ್ಟಿಲ್ಲ, ಆದರೂ ಕೆಟ್ಟಿದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಒಂದೊಂದೇ ಐಪಿ ಬದಲು ಆ ಡಾಕರ್ ನೆಟ್‌ವರ್ಕ್‌ನ ಇಡೀ ಶ್ರೇಣಿಯನ್ನು ಪಟ್ಟಿಗೆ ಸೇರಿಸಿದರೆ ಈ ಕಾಟ ತಪ್ಪುತ್ತದೆ. ಬೇಸತ್ತು ಪಟ್ಟಿಯನ್ನೇ ಖಾಲಿ ಬಿಡುವವರಿದ್ದಾರೆ. ಅಂತರ್ಜಾಲಕ್ಕೆ ತೆರೆದಿರುವ ಸರ್ವರ್‌ನಲ್ಲಿ ಅದು ಸರಿಯಾದ ದಾರಿಯಲ್ಲ.

ರಾತ್ರಿಯಿಡೀ ಫೈಲ್ ತೆರೆದಿಟ್ಟು ಮನೆಗೆ ಹೋದವರಿಗೆ ಬೆಳಗ್ಗೆ ಎರರ್ ಕಂಡರೆ ಗಾಬರಿ ಬೇಡ. ಕೊಲಾಬೊರಾಗೆ ನೆಕ್ಸ್ಟ್‌ಕ್ಲೌಡ್ ಕೊಡುವ ಪ್ರವೇಶ ಟೋಕನ್‌ನ ಆಯುಸ್ಸು ಮೂಲ ಸೆಟ್ಟಿಂಗ್‌ನಲ್ಲಿ 10 ಗಂಟೆ. ಫೈಲ್ ಮುಚ್ಚಿ ಮತ್ತೆ ತೆರೆದರೆ ಆಯಿತು.

ಮೊಬೈಲ್‌ನಲ್ಲಿ ತೆರೆಯುತ್ತದೆ, ಕಚೇರಿಯಲ್ಲಿ ಇಲ್ಲ!

ಕಚೇರಿಯಲ್ಲೇ ಸರ್ವರ್ ಇಟ್ಟವರನ್ನು ದಿಕ್ಕು ತಪ್ಪಿಸುವ ಲಕ್ಷಣ ಇದು. ಹೊರಗಿನಿಂದ, ಮೊಬೈಲ್ ಡೇಟಾದಲ್ಲಿ ಫೈಲ್ ತೆರೆಯುತ್ತದೆ. ಸರ್ವರ್ ಪಕ್ಕದಲ್ಲೇ ಕುಳಿತವರಿಗೆ ತೆರೆಯುವುದಿಲ್ಲ. ಕಾರಣ ರೂಟರ್. ಸರ್ವರ್‌ನ ಹೆಸರು ಹೊರಗಿನ ಐಪಿ ವಿಳಾಸವನ್ನು ತೋರಿಸುತ್ತದೆ. ಒಳಗಿನ ಕಂಪ್ಯೂಟರ್ ಆ ವಿಳಾಸಕ್ಕೆ ಹೊರಟಾಗ ರೂಟರ್ ಅದನ್ನು ಮತ್ತೆ ಒಳಕ್ಕೆ ತಿರುಗಿಸಬೇಕು. ಎಷ್ಟೋ ಅಗ್ಗದ ರೂಟರ್‌ಗಳು ಈ ಯು-ಟರ್ನ್ ಮಾಡುವುದಿಲ್ಲ. ಎಡಿಟರ್ ಕಂಟೇನರ್ ಕೂಡ ಒಳಗೇ ಇರುವುದರಿಂದ ಮೂರನೇ ದಾರಿಯೂ ಇದೇ ಕಾರಣಕ್ಕೆ ಕಡಿಯುತ್ತದೆ. ಕಚೇರಿಯ ಒಳ ಡಿಎನ್‌ಎಸ್‌ನಲ್ಲಿ ಅದೇ ಹೆಸರಿಗೆ ಒಳ ಐಪಿ ಕೊಟ್ಟರೆ ಪರಿಹಾರ ಸಿಗುತ್ತದೆ. ಓನ್ಲಿಆಫೀಸ್‌ನಲ್ಲಿ ಇನ್ನೊಂದು ಅನುಕೂಲವಿದೆ. ಅದರ ಮುಂದುವರಿದ ಸೆಟ್ಟಿಂಗ್‌ನಲ್ಲಿ ಬ್ರೌಸರ್‌ಗೆ ಒಂದು ವಿಳಾಸ, ನೆಕ್ಸ್ಟ್‌ಕ್ಲೌಡ್ ಎಡಿಟರನ್ನು ಕರೆಯಲು ಒಂದು, ಎಡಿಟರ್ ನೆಕ್ಸ್ಟ್‌ಕ್ಲೌಡನ್ನು ಕರೆಯಲು ಒಂದು ಎಂದು ಮೂರು ಖಾನೆಗಳಿವೆ. ಮೂರು ದಾರಿಗೂ ಪ್ರತ್ಯೇಕ ವಿಳಾಸ ಕೊಡಬಹುದು. ಒಳಗಿನ ಹೆಸರು ಕೊಟ್ಟಾಗ ಅದನ್ನು ನೆಕ್ಸ್ಟ್‌ಕ್ಲೌಡ್‌ನ ‘ಟ್ರಸ್ಟೆಡ್ ಡೊಮೇನ್ಸ್’ ಪಟ್ಟಿಗೂ ಸೇರಿಸಬೇಕು.

ಹೊರಗಿನಿಂದ ತೆರೆಯುತ್ತಲೇ ಇಲ್ಲ ಎಂದರೆ ಬ್ರಾಡ್‌ಬ್ಯಾಂಡ್ ಕಂಪನಿ ಸಾರ್ವಜನಿಕ ಐಪಿ ಕೊಟ್ಟಿದೆಯೇ ಎಂದು ನೋಡಬೇಕು. ರೂಟರ್‌ನ ಹೊರಮುಖದ ಐಪಿ 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗಿದ್ದರೆ ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಲಾಗಿದೆ ಎಂದರ್ಥ. ಆಗ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಉಪಯೋಗವಿಲ್ಲ. ಸ್ಥಿರ ಐಪಿಗೆ ಅರ್ಜಿ ಹಾಕಬೇಕು ಅಥವಾ ಟನೆಲ್ ಸೇವೆಯ ಮೊರೆ ಹೋಗಬೇಕು.

ಪ್ರಮಾಣಪತ್ರದ ಅವಧಿ

ನಿನ್ನೆ ಸರಿ ಇದ್ದದ್ದು ಇವತ್ತು ಏಕಾಏಕಿ ನಿಂತರೆ ಎಸ್‌ಎಸ್‌ಎಲ್ ಪ್ರಮಾಣಪತ್ರದ ದಿನಾಂಕ ನೋಡುವುದನ್ನು ಮರೆಯಬಾರದು. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡುತ್ತಾ ಬಂದಿರುವ ಸಾಮಾನ್ಯ ಪ್ರಮಾಣಪತ್ರದ ಅವಧಿ 90 ದಿನ. ಅವಧಿ ಮುಗಿಯುವ ಮುನ್ನ ಇಮೇಲ್ ಕಳಿಸಿ ಎಚ್ಚರಿಸುವುದನ್ನು ಆ ಸಂಸ್ಥೆ 2025ರ ಜೂನ್ 4ಕ್ಕೆ ನಿಲ್ಲಿಸಿದೆ. ಇಮೇಲ್ ಬಂದಾಗ ನೋಡಿದರಾಯಿತು ಎಂದುಕೊಂಡಿದ್ದವರಿಗೆ ಇನ್ನು ಆ ಸೌಲಭ್ಯವಿಲ್ಲ. ಮೇಲಾಗಿ, ಪ್ರಮಾಣಪತ್ರ ನೀಡುವ ಸಂಸ್ಥೆಗಳು ಮತ್ತು ಬ್ರೌಸರ್ ಕಂಪನಿಗಳ ವೇದಿಕೆ 2025ರಲ್ಲಿ ಒಪ್ಪಿದ ನಿಯಮದಂತೆ 2029ರ ಮಾರ್ಚ್ 15ರಿಂದ ಯಾವ ಸಾರ್ವಜನಿಕ ಪ್ರಮಾಣಪತ್ರವೂ 47 ದಿನ ಮೀರುವಂತಿಲ್ಲ. ಕೈಯಾರೆ ನವೀಕರಿಸುವವರು ಸ್ವಯಂಚಾಲಿತ ವ್ಯವಸ್ಥೆಗೆ ಬದಲಾಗಲೇಬೇಕು.

ನೆಕ್ಸ್ಟ್‌ಕ್ಲೌಡ್ ಮತ್ತು ಎಡಿಟರ್‌ಗೆ ಬೇರೆ ಬೇರೆ ಉಪ ಡೊಮೇನ್ ಇದ್ದರೆ ಪ್ರಮಾಣಪತ್ರಗಳೂ ಎರಡಿರಬಹುದು. ಒಂದು ನವೀಕರಣಗೊಂಡು ಇನ್ನೊಂದು ಉಳಿದರೆ ಲಾಗಿನ್ ಆಗುತ್ತದೆ, ಫೈಲ್ ಮಾತ್ರ ತೆರೆಯುವುದಿಲ್ಲ. ಸ್ವತಃ ಸಹಿ ಮಾಡಿಕೊಂಡ ಪ್ರಮಾಣಪತ್ರ ಬಳಸುವವರ ಕಷ್ಟ ಬೇರೆ. ‘ಪರವಾಗಿಲ್ಲ, ಮುಂದುವರಿ’ ಎಂದು ಬ್ರೌಸರ್‌ನಲ್ಲಿ ಒತ್ತಬಹುದು, ಸರ್ವರ್‌ಗಳು ತಮ್ಮೊಳಗೆ ಮಾತಾಡುವಾಗ ಹಾಗೆ ಒತ್ತುವವರು ಯಾರೂ ಇರುವುದಿಲ್ಲ. ಪರಿಶೀಲನೆಯನ್ನೇ ಆಫ್ ಮಾಡುವ ಆಯ್ಕೆ ಇದೆ, ಅದನ್ನು ದೋಷ ಪತ್ತೆಗೆ ಐದು ನಿಮಿಷ ಬಳಸಿ ಮತ್ತೆ ಆನ್ ಮಾಡುವುದು ಕ್ಷೇಮ.

ತೆರೆಯಿತು, ಆದರೆ ಕನ್ನಡದ ಬದಲು ಚೌಕಗಳು

ಸಂಪರ್ಕ ಸರಿಹೋದ ಮೇಲೆ ಕನ್ನಡ ಬಳಕೆದಾರರಿಗೆ ಎದುರಾಗುವ ದೂರು ಇದು. ಕೊಲಾಬೊರಾ ಪುಟವನ್ನು ಸರ್ವರ್‌ನಲ್ಲೇ ಚಿತ್ರಿಸಿ ಬ್ರೌಸರ್‌ಗೆ ಕಳಿಸುತ್ತದೆ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಎಷ್ಟೇ ಕನ್ನಡ ಫಾಂಟ್ ಇದ್ದರೂ ಪ್ರಯೋಜನವಿಲ್ಲ. ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಮುಂತಾದ ಯೂನಿಕೋಡ್ ಫಾಂಟ್‌ಗಳನ್ನು ಎಡಿಟರ್ ಸರ್ವರ್‌ನಲ್ಲೇ ಹಾಕಬೇಕು. ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಅದು ಸರ್ವರ್ ದೋಷವಲ್ಲ, ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಬೇಕಾಗುತ್ತದೆ.

ಸರಿಯಾಗಿದೆ ಎಂದು ಹೇಳುವ ಮುನ್ನ

ಫೈಲ್ ತೆರೆದ ಕೂಡಲೇ ಎಲ್ಲರಿಗೂ ‘ಆಯ್ತು’ ಎಂದು ಸಂದೇಶ ಕಳಿಸುವ ಅವಸರ ಬೇಡ. ಹೊಸದೊಂದು ಪರೀಕ್ಷಾ ಫೈಲ್ ಮಾಡಿ, ಒಬ್ಬರು ಕಚೇರಿಯ ವೈಫೈನಲ್ಲಿ, ಇನ್ನೊಬ್ಬರು ಮೊಬೈಲ್ ಡೇಟಾದಲ್ಲಿ ಒಟ್ಟಿಗೆ ತೆರೆಯಬೇಕು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬೇಕು. ಎರಡು ನಿಮಿಷ ಏನೂ ಮಾಡದೆ ಬಿಟ್ಟು, ಸಂಪರ್ಕ ಉಳಿದಿದೆಯೇ ನೋಡಬೇಕು. ಬಳಿಕ ಇಬ್ಬರೂ ಮುಚ್ಚಿ, ಅರ್ಧ ನಿಮಿಷ ಕಾದು, ನೆಕ್ಸ್ಟ್‌ಕ್ಲೌಡ್‌ನ ಫೈಲ್ ಪಟ್ಟಿಯಲ್ಲಿ ಬದಲಾದ ಸಮಯವನ್ನು ಗಮನಿಸಬೇಕು. ಸಮಯ ಬದಲಾಗಿದ್ದು, ಡೌನ್‌ಲೋಡ್ ಮಾಡಿದ ಪ್ರತಿಯಲ್ಲೂ ಬರೆದ ಸಾಲು ಇದ್ದರೆ ಮೂರೂ ದಾರಿ ತೆರೆದಿವೆ. ಸಮಯ ಹಳೆಯದೇ ಇದ್ದರೆ ಲೆಕ್ಕದ ಫೈಲನ್ನು ಇನ್ನೂ ಆ ಎಡಿಟರ್‌ನಲ್ಲಿ ತೆರೆಯಬಾರದು. ಅಂದಿನ ರಿಟರ್ನ್ಸ್ ಕೆಲಸವನ್ನು ಫೈಲ್ ಡೌನ್‌ಲೋಡ್ ಮಾಡಿಕೊಂಡು ಕಂಪ್ಯೂಟರ್‌ನ ಲಿಬ್ರೆಆಫೀಸ್ ಅಥವಾ ಎಕ್ಸೆಲ್‌ನಲ್ಲೇ ಮುಗಿಸಿ, ರಾತ್ರಿ ಮತ್ತೆ ಅಪ್‌ಲೋಡ್ ಮಾಡಬಹುದು.